ಬಾಣಂತಿಯ ಮನೆಯ ಹೊಸ್ತಿಲು ದಾಟುವ ಮುನ್ನ: ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವುದು ಹೇಗೆ?

ಆಸ್ಪತ್ರೆಯಲ್ಲಿ ಹುಟ್ಟಿ ಮನೆಗೆ ಬಂದ ಕೂಸನ್ನು ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಹೋಗಿ ನೋಡಬೇಕು. ಹೆರಿಗೆ ಮನೆಯಲ್ಲೇ ಆಗಿದ್ದರೆ ಮೊದಲ ದಿನವೂ ಹೋಗಬೇಕು. ಇದನ್ನು ಹೇಳಿಕೊಡಲು ಹತ್ತು ನಿಮಿಷ ಸಾಕು. ತರಬೇತಿಯ ಉಳಿದ ಹೊತ್ತನ್ನು ತೂಕ ಮತ್ತು ಉಸಿರಿನ ಎಣಿಕೆಗೆ ಮೀಸಲಿಡುವುದು ಲೇಸು.

ಮೊದಲು ತೂಕ. ಖಾಲಿ ಜೋಲಿಯನ್ನು ತಕ್ಕಡಿಗೆ ಸಿಕ್ಕಿಸಿ, ಮುಳ್ಳು ಸೊನ್ನೆಗೆ ಬರುವಂತೆ ತಿರುಪು ಸರಿಪಡಿಸಿದ ನಂತರವೇ ಕೂಸನ್ನು ಮಲಗಿಸಬೇಕು. ಅಳತೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ಒಂದು ಕಿಲೋ ಅಕ್ಕಿಯ ಪೊಟ್ಟಣವನ್ನು ಎಲ್ಲರಿಂದಲೂ ಸರದಿಯಂತೆ ತೂಗಿಸಿದರೆ ಯಾರ ಕೈ ತಪ್ಪುತ್ತಿದೆ ಎಂಬುದು ಕೂಡಲೇ ಗೊತ್ತಾಗುತ್ತದೆ.

ಉಸಿರು ಎಣಿಸುವುದು ಇದಕ್ಕಿಂತ ಕಷ್ಟದ ಕೆಲಸ. ಕೂಸು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಬಟ್ಟೆ ಸರಿಸಿ, ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಚಾಳಿಯನ್ನು ಮೊದಲ ದಿನವೇ ಬಿಡಿಸಬೇಕು, ಏಕೆಂದರೆ ನವಜಾತ ಶಿಶುವಿನ ಉಸಿರಾಟ ಒಂದೇ ಲಯದಲ್ಲಿ ಸಾಗುವುದಿಲ್ಲ. ಎಣಿಕೆ 60 ಅಥವಾ ಹೆಚ್ಚಿದ್ದರೆ ಇನ್ನೊಮ್ಮೆ ಎಣಿಸಬೇಕು. ಆಗಲೂ ಅಷ್ಟೇ ಇದ್ದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಯ ಕೆಳಭಾಗ ಜೋರಾಗಿ ಒಳಕ್ಕೆ ಸೆಳೆಯುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು. ಓದು ಕಡಿಮೆಯಿರುವವರಿಂದ ಇದು ಸಾಧ್ಯವೇ ಎಂದು ಅನುಮಾನಿಸುವವರು ಮಹಾರಾಷ್ಟ್ರದ ಗಡಚಿರೋಲಿಯನ್ನು ನೆನೆಯಬಹುದು: ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅಲ್ಲಿ ಅಕ್ಷರ ಬಾರದ ಸೂಲಗಿತ್ತಿಯರಿಗೂ, ಹತ್ತು ಉಸಿರಿಗೊಂದು ಮಣಿ ಸರಿಸುವ ಸರಳ ಸಾಧನದ ನೆರವಿನಿಂದ, ಈ ಎಣಿಕೆಯನ್ನು ಕಲಿಸಿದ್ದರು.

ನಂತರ ಮಾತು. ‘ಕೂಸನ್ನು ತೂಗಬ್ಯಾಡವ್ವಾ, ದೃಷ್ಟಿ ಆಗ್ತದೆ’ ಎನ್ನುವ ಅಜ್ಜಿ ಪ್ರತಿ ಊರಿನಲ್ಲೂ ಇರುತ್ತಾರೆ. ಆ ಅಜ್ಜಿಯ ಪಾತ್ರವನ್ನು ತಂಡದ ಹಿರಿಯ ಕಾರ್ಯಕರ್ತೆಗೆ ವಹಿಸಿ, ಹೊಸಬರು ಅವರನ್ನು ಒಪ್ಪಿಸುವ ಅಭ್ಯಾಸ ಮಾಡಲಿ. ವಾದ ಮಾಡುವವರು ಸೋಲುತ್ತಾರೆ; ‘ನೀವೇ ಜೋಲಿ ಹಿಡ್ಕೊಳ್ಳಿ ಅಜ್ಜಿ’ ಎನ್ನುವವರಿಗೆ ಕೂಸು ಸಿಗುತ್ತದೆ. ಸಾಂಬ್ರಾಣಿ ಹೊಗೆ ತುಂಬಿದ ಕೋಣೆಯ ವಿಷಯವನ್ನು ಕೈ ತೊಳೆದು ಕುಳಿತ ಮೇಲೆ, ನಿಧಾನವಾಗಿ ಎತ್ತಿದರಾಯಿತು.

ಕೊನೆಗೆ, ಮೊದಲ ಭೇಟಿಗೆ ತರಬೇತುದಾರರೂ ಜೊತೆಗೆ ಹೋಗಬೇಕು. ಕೂಸಿಗೆ ಅಪಾಯವಾಗುವಂತಹ ತಪ್ಪಾದರೆ ಮಾತ್ರ ನಡುವೆ ಬಾಯಿ ಹಾಕಿ, ಉಳಿದ ತಿದ್ದುಪಡಿಗಳನ್ನೆಲ್ಲ ಹಿಂದಿರುಗುವ ದಾರಿಯಲ್ಲಿ ಹೇಳಬೇಕು. ಬಾಣಂತಿಯ ಎದುರು ಗದರಿಸಿಕೊಂಡ ಕಾರ್ಯಕರ್ತೆಯನ್ನು ಆ ಮನೆಯವರು 7ನೇ ದಿನ ಮೊದಲಿನ ವಿಶ್ವಾಸದಿಂದ ಒಳಗೆ ಕರೆಯುವುದಿಲ್ಲ.