ಫರ್ನೇಸ್ ಬಾಗಿಲ ಹತ್ತಿರದ ಹಳದಿ ಗಾಜು

ತುಮಕೂರಿನ ಒಂದು ಕಾಲೇಜಿನಲ್ಲಿ ನಾನು ಫಿಸಿಕ್ಸ್ ಹೇಳಿಕೊಡುತ್ತೇನೆ. ಗಾಜಿನೊಳಗೆ ಕ್ಯಾಡ್ಮಿಯಂ ಸೆಲೆನೈಡಿನ ನ್ಯಾನೋ ಹರಳು ಬೆಳೆಸುವ ಹುಚ್ಚು ಹಿಡಿದಿದ್ದು 2023ರಲ್ಲಿ, ಕ್ವಾಂಟಮ್ ಡಾಟ್‌ಗೆ, ಅಂದರೆ ಗಾತ್ರ ಬದಲಾದರೆ ಬಣ್ಣವೂ ಬದಲಾಗುವ ಇಂಥ ಅತಿ ಚಿಕ್ಕ ಹರಳುಗಳ ಕೆಲಸಕ್ಕೆ, ಮೂವರಿಗೆ ನೊಬೆಲ್ ಬಂದಾಗ. ಆ ಮೂವರಲ್ಲಿ ಒಬ್ಬರಾದ ಅಲೆಕ್ಸಿ ಎಕಿಮೊವ್ ಶುರು ಮಾಡಿದ್ದೇ ಗಾಜಿನಿಂದ. ತಾಮ್ರದ ಕ್ಲೋರೈಡ್ ಬೆರೆಸಿದ ಗಾಜನ್ನು ಕಾಯಿಸಿ, ಅದು ಯಾವ ಬೆಳಕನ್ನು ಹೀರುತ್ತದೆ ಅಂತ ನೋಡಿ 1981ರಲ್ಲಿ ಪ್ರಕಟಿಸಿದರು. ಫರ್ನೇಸ್ ನಮ್ಮಲ್ಲೂ ಇದೆಯಲ್ಲ, ನೋಡೇ ಬಿಡೋಣ ಅನ್ನಿಸಿತು.

ಸಿಲಿಕಾ, ಬೋರಿಕ್ ಆಸಿಡ್, ಪೊಟ್ಯಾಸಿಯಂ ಕಾರ್ಬೊನೇಟ್, ಜಿಂಕ್ ಆಕ್ಸೈಡ್, ಅದರ ಮೇಲೆ ನೂರಕ್ಕೆ ಒಂದು ಪಾಲು ಕ್ಯಾಡ್ಮಿಯಂ ಸೆಲೆನೈಡ್. ಕ್ಯಾಡ್ಮಿಯಂ ವಿಷ, ಹಾಗಾಗಿ ತೂಗುವುದೆಲ್ಲ ನಾನೇ, ಮಾಸ್ಕ್ ಹಾಕಿಕೊಂಡು, ಹೊಗೆ ಎಳೆಯುವ ಫ್ಯಾನಿನ ಕೆಳಗೆ. ಹುಡುಗರನ್ನು ಹತ್ತಿರಕ್ಕೂ ಬಿಡಲಿಲ್ಲ. ಮೊದಲ ಸಲ ಪುಡಿಯನ್ನೆಲ್ಲ ಒಟ್ಟಿಗೆ ಸುರಿದೆ. ಬೋರಿಕ್ ಆಸಿಡಿನ ನೀರು, ಕಾರ್ಬೊನೇಟಿನ ಗ್ಯಾಸು ಎರಡೂ ಒಟ್ಟಿಗೆ ಎದ್ದು, ಹಾಲು ಉಕ್ಕಿದ ಹಾಗೆ ಕ್ರೂಸಿಬಲ್‌ನಿಂದ (ಕರಗಿಸುವ ಪಾತ್ರೆಯಿಂದ) ಉಕ್ಕಿ ಫರ್ನೇಸಿನ ಇಟ್ಟಿಗೆಗೆ ಅಂಟಿಕೊಂಡಿತು. ಎರಡನೇ ಸಲ ಸ್ವಲ್ಪ ಸ್ವಲ್ಪವೇ ಹಾಕಿದೆ, ಆದರೆ ಗುಳ್ಳೆ ಹೋಗಲಿ ಅಂತ 1300 ಡಿಗ್ರಿಯಲ್ಲಿ ಎರಡು ಗಂಟೆ ಬಿಟ್ಟೆ. ಸೆಲೆನಿಯಂ 685 ಡಿಗ್ರಿಗೇ ಕುದಿಯುವ ವಸ್ತು, ಎಲ್ಲ ಹಾರಿಹೋಗಿತ್ತು. ಆಮೇಲೆ ಎಷ್ಟು ಕಾಯಿಸಿದರೂ ಆ ಗಾಜಿಗೆ ಬಣ್ಣವೇ ಬರಲಿಲ್ಲ. ಮೂರನೇ ಸಲ ಮುಚ್ಚಳ ಹಾಕಿ ಅರ್ಧ ಗಂಟೆಗೇ ತೆಗೆದು, ಹಿತ್ತಾಳೆ ತಟ್ಟೆಯ ಮೇಲೆ ಸುರಿದು, ಇನ್ನೊಂದು ತಟ್ಟೆಯಿಂದ ತಕ್ಷಣ ಒತ್ತಿದೆ. ಬೇಗ ತಣಿಯಬೇಕು, ಇಲ್ಲದಿದ್ದರೆ ಹರಳು ಆಗಲೇ ಬೆಳೆದುಬಿಡುತ್ತದೆ. ತಿಳಿ ಹಳದಿ ಛಾಯೆ ಬಿಟ್ಟರೆ ಸಾದಾ ಗಾಜು.

ಬಣ್ಣ ಬರುವುದು ಆ ಗಾಜನ್ನು ಮತ್ತೆ ಕಾಯಿಸಿದಾಗ. 600 ಡಿಗ್ರಿ, ನಾಲ್ಕು ಗಂಟೆ, ಒಂದೇ ಗಾಜಿನ ಮೂರು ತುಂಡು ಹಿಂದೆ ಮುಂದೆ ಇಟ್ಟೆ. ಮಾರನೇ ದಿನ ಬಾಗಿಲು ತೆಗೆದ ಅಟೆಂಡರ್ ಅಣ್ಣ ಕೂಗಿದರು: "ಸಾರ್, ಹಿಂದಿಂದು ಕೆಂಪು, ಮಧ್ಯದ್ದು ಕಿತ್ತಳೆ, ಬಾಗಿಲ ಹತ್ರದ್ದು ಹಳದಿ. ಬೇರೆ ಬೇರೆ ಗಾಜು ಇಟ್ಟಿದ್ರಾ?"

ಇಟ್ಟಿರಲಿಲ್ಲ. ಫರ್ನೇಸಿನ ಬಿಸಿ ಅಳೆಯುವ ಥರ್ಮೋಕಪಲ್ ಇರುವುದು ಹಿಂದಿನ ಗೋಡೆಯಲ್ಲಿ. ಇನ್ನೊಂದು ಥರ್ಮೋಕಪಲ್ ತಂದು ಬಾಗಿಲ ಹತ್ತಿರ ಇಟ್ಟು ನೋಡಿದರೆ 25 ಡಿಗ್ರಿ ಕಡಿಮೆ! ಗಾಜಿನೊಳಗೆ ಕ್ಯಾಡ್ಮಿಯಂ, ಸೆಲೆನಿಯಂ ಪರಮಾಣುಗಳು ಸರಿದಾಡಿ ಒಂದುಗೂಡಬೇಕಲ್ವಾ, ಆ ಓಡಾಟ ಬಿಸಿಯ ಜೊತೆ ವಿಪರೀತ ಏರುತ್ತದೆ, ಅಷ್ಟು ಸಣ್ಣ ವ್ಯತ್ಯಾಸಕ್ಕೇ ಹರಳಿನ ಗಾತ್ರ ಬದಲಾಗುತ್ತದೆ. ದೊಡ್ಡ ಕ್ಯಾಡ್ಮಿಯಂ ಸೆಲೆನೈಡ್ ಹರಳಿನ ಬ್ಯಾಂಡ್ ಗ್ಯಾಪ್, ಅಂದರೆ ಅದು ಹೀರಬೇಕಾದರೆ ಬೆಳಕಿಗೆ ಇರಬೇಕಾದ ಕನಿಷ್ಠ ಶಕ್ತಿ, 1.74 ಎಲೆಕ್ಟ್ರಾನ್ ವೋಲ್ಟ್. ಹಾಗಾಗಿ ಕಣ್ಣಿಗೆ ಕಾಣುವ ಬೆಳಕನ್ನು ಹೆಚ್ಚುಕಡಿಮೆ ಎಲ್ಲ ನುಂಗುತ್ತದೆ, ಕಪ್ಪಗೆ ಕಾಣುತ್ತದೆ. ಹರಳಿನ ತ್ರಿಜ್ಯ 5-6 ನ್ಯಾನೋಮೀಟರಿಗಿಂತ ಕಡಿಮೆಯಾದರೆ ಎಲೆಕ್ಟ್ರಾನಿಗೆ ಜಾಗ ಇಕ್ಕಟ್ಟಾಗಿ ಗ್ಯಾಪ್ ಅಗಲವಾಗುತ್ತದೆ. ಆಗ ಎಲ್ಲಕ್ಕಿಂತ ಕಡಿಮೆ ಶಕ್ತಿಯ ಕೆಂಪು ಬೆಳಕು ಮೊದಲು ಹೊರಗೆ ಬರುತ್ತದೆ, ಇನ್ನೂ ಚಿಕ್ಕದಾದರೆ ಹಳದಿಯೂ ಬರುತ್ತದೆ.

ತುಂಡುಗಳನ್ನು ಉಜ್ಜಿ ಪಾಲಿಶ್ ಮಾಡಿ ಯಾವ ಬೆಳಕು ಎಷ್ಟು ಹೀರಲ್ಪಡುತ್ತದೆ ಅಂತ ಅಳೆಯುವ, ಬೆಂಗಳೂರಿನ ಸ್ನೇಹಿತರೊಬ್ಬರ ಯುವಿ-ವಿಸಿಬಲ್ ಮೆಷಿನ್ನಿಗೆ ಹಾಕಿದೆ. ಮಧ್ಯದ ತುಂಡಿನ ಗೆರೆಯಲ್ಲಿ 560 ನ್ಯಾನೋಮೀಟರ್ ಹತ್ತಿರ ಒಂದು ಉಬ್ಬು ಸಿಕ್ಕಿತು, ಅಂದರೆ ಸುಮಾರು 2.2 ಎಲೆಕ್ಟ್ರಾನ್ ವೋಲ್ಟ್. ಗ್ಯಾಪ್‌ನಿಂದ ಹರಳಿನ ಗಾತ್ರ ಲೆಕ್ಕ ಹಾಕುವ ಬ್ರಸ್ ಸೂತ್ರಕ್ಕೆ ಹಾಕಿದರೆ ತ್ರಿಜ್ಯ 2.6 ನ್ಯಾನೋಮೀಟರ್. ಆ ಸೂತ್ರ ಗಾತ್ರವನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತದೆ, ಹಾಗಾಗಿ ನಿಜದ ಹರಳು ಇನ್ನೂ ಚಿಕ್ಕದು. ಚೂಪಾದ ಶಿಖರ ಬರಲಿಲ್ಲ, ಯಾಕೆಂದರೆ ಗಾಜಿನಲ್ಲಿ ಹರಳುಗಳೆಲ್ಲ ಒಂದೇ ಅಳತೆಗೆ ಬೆಳೆಯುವುದಿಲ್ಲ.

ಒಂದು ಮಾತು. ಅಂಗಡಿಯಲ್ಲಿ ಸಿಗುವ ಕೆಂಪು, ಕಿತ್ತಳೆ ಫಿಲ್ಟರ್ ಗಾಜು ತೋರಿಸಿ "ನೋಡಿ, ಕ್ವಾಂಟಮ್ ಎಫೆಕ್ಟ್" ಅನ್ನುವವರಿದ್ದಾರೆ. ಅದರಲ್ಲಿ ಸಲ್ಫರ್, ಸೆಲೆನಿಯಂ ಎರಡೂ ಇರುತ್ತವೆ. ಹರಳುಗಳು ಸಾಕಷ್ಟು ದೊಡ್ಡವು, ಬಣ್ಣ ಬದಲಾಗುವುದು ಹೆಚ್ಚಾಗಿ ಆ ಎರಡರ ಪ್ರಮಾಣದಿಂದ. ಅದಕ್ಕೇ ನಾನು ಸಲ್ಫರ್ ಸೇರಿಸಲೇ ಇಲ್ಲ.

ಹುಡುಗರಿಗೆ ಮಾತ್ರ ನಿರಾಸೆ. ಯುವಿ ಟಾರ್ಚ್ ಹಿಡಿದರೆ ಟಿವಿಯಲ್ಲಿ ಹೊಳೆಯುವ ಹಾಗೆ ಹೊಳೆಯುತ್ತದೆ ಅಂತ ಕಾದಿದ್ದರು. ಬಂದಿದ್ದು ಕೆಂಡ ಆರುವಾಗಿನಂಥ ಮಬ್ಬು ಕೆಂಪು. ಟಿವಿಗೆ ಹಾಕುವ ಡಾಟ್‌ಗೆ ಮೇಲೊಂದು ಚಿಪ್ಪು ಕಟ್ಟಿರುತ್ತಾರೆ, ನಮ್ಮದಕ್ಕೆ ಗಾಜೇ ಚಿಪ್ಪು. ಹರಳಿನ ಮೇಲ್ಮೈಯ ದೋಷಗಳಲ್ಲಿ ಎಲೆಕ್ಟ್ರಾನ್ ಸಿಕ್ಕಿಬಿದ್ದು ಬೆಳಕು ಅಲ್ಲೇ ಸೋರಿಹೋಗುತ್ತದೆ. ಬಾಗಿಲ ಹತ್ತಿರದ ಹಳದಿ ತುಂಡನ್ನು ಅಟೆಂಡರ್ ಅಣ್ಣ ಕೇಳಿದ್ದರು, ಕ್ಯಾಡ್ಮಿಯಂ ಇದೆ ಅಂತ ಕೊಡಲಿಲ್ಲ. ಬೀರುವಿನಲ್ಲಿ ಲೇಬಲ್ ಹಚ್ಚಿ ಇಟ್ಟಿದ್ದೇನೆ.