ಕುರ್ಚಿ, ಗೋಡೆ, ನೀರಿನ ಕ್ಯಾನ್: ಮನೆಯಲ್ಲೇ ಮೈಬಲ ಬೆಳೆಸುವ ಬಗೆ

ಮದುವೆ ಮನೆಯಲ್ಲಿ ನೆಲದ ಪಂಕ್ತಿಯಲ್ಲಿ ಉಂಡವರು ಏಳುವಾಗ ಸ್ವಲ್ಪ ಗಮನಿಸಿ ನೋಡಿದರೆ ಯಾರ ಕಾಲಿನಲ್ಲಿ ಎಷ್ಟು ಬಲವಿದೆ ಎಂಬುದು ತಿಳಿದುಬಿಡುತ್ತದೆ. ಮಕ್ಕಳು ಎದ್ದದ್ದೇ ಕೈ ತೊಳೆಯಲು ಓಡುತ್ತಾರೆ. ನಲವತ್ತು ದಾಟಿದವರು ಒಂದು ಕೈಯನ್ನು ನೆಲಕ್ಕೆ ಊರುತ್ತಾರೆ. ಅರವತ್ತರ ಆಸುಪಾಸಿನವರು ಮಂಡಿಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಿಂದ ಪಕ್ಕದವರ ಹೆಗಲು ಹುಡುಕುತ್ತಾರೆ, ಇಲ್ಲವೇ ಮೊದಲೇ ಮೇಜಿನೂಟದ ಸಾಲಿಗೆ ಹೋಗಿ ಕುಳಿತಿರುತ್ತಾರೆ. ಇದನ್ನು ‘ವಯಸ್ಸಾಯಿತು’ ಎಂಬ ಒಂದು ಮಾತಿನಲ್ಲಿ ಮುಗಿಸುವುದು ನಮ್ಮ ರೂಢಿ. ಮೂವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಅದರ ವೇಗ ಹೆಚ್ಚುತ್ತದೆ ಎಂಬುದು ನಿಜವಾದರೂ, ಆ ನಷ್ಟದಲ್ಲಿ ವಯಸ್ಸಿನ ಜೊತೆಗೆ ಸ್ನಾಯುವಿಗೆ ಕೆಲಸ ಕೊಡದೆ ಬಿಟ್ಟದ್ದರ ಪಾಲೂ ಇದೆ.

ತೂಕ ಇಳಿಸಲು ಹೊರಟವರು ಈ ನಷ್ಟವನ್ನು ತಾವಾಗಿಯೇ ಹೆಚ್ಚಿಸಿಕೊಳ್ಳುವುದುಂಟು. ರಾತ್ರಿಯ ಊಟ ಬಿಟ್ಟು, ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆದರೆ ತೂಕದ ಯಂತ್ರದ ಮುಳ್ಳು ಕೆಳಗಿಳಿಯುತ್ತದೆ. ಆದರೆ ಪಥ್ಯವೊಂದರಿಂದಲೇ ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಿನದ್ದಲ್ಲ, ಅದರಲ್ಲಿ ಸ್ನಾಯುವೂ ಸೇರಿರುತ್ತದೆ. ಮುಂದೆ ತೂಕ ಮರಳಿದಾಗ ಕೊಬ್ಬು ಸುಲಭವಾಗಿ ಬಂದು ಕೂರುತ್ತದೆ, ಸ್ನಾಯು ಅಷ್ಟು ಸುಲಭವಾಗಿ ಬರುವುದಿಲ್ಲ. ಆದ್ದರಿಂದ ತೂಕ ಇಳಿಸುವ ಕೆಲಸವನ್ನು ಊಟದ ತಟ್ಟೆಗಿಂತ ಮೊದಲು ಕಾಲಿನಿಂದ ಆರಂಭಿಸಬೇಕು ಎಂಬುದು ಈ ಲೇಖನದ ವಾದ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಾರಕ್ಕೆ 150ರಿಂದ 300 ನಿಮಿಷಗಳ ನಡಿಗೆಯಂಥ ಚಟುವಟಿಕೆಯ ಜೊತೆಗೆ, ಕನಿಷ್ಠ ಎರಡು ದಿನ ಮೈಯ ದೊಡ್ಡ ಸ್ನಾಯುಗಳಿಗೆಲ್ಲ ಬಲದ ವ್ಯಾಯಾಮ ಬೇಕೆಂದು ಹೇಳುತ್ತದೆ. ನಾವು ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡಿದ್ದೇವೆ.

ಮೊದಲು ಎರಡು ಅಳತೆ

ಒಂದು, ದರ್ಜಿಯ ಟೇಪು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪನ್ನು ಸುತ್ತಿ, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳದೆ, ಉಸಿರು ಬಿಟ್ಟ ಮೇಲೆ ಓದಬೇಕು. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ ಬೇಕು. ನಮ್ಮಲ್ಲಿ ಮೈ ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುವ ಪ್ರವೃತ್ತಿ ಹೆಚ್ಚಾದ್ದರಿಂದ, ತೂಕಕ್ಕಿಂತ ಈ ಸುತ್ತಳತೆ ಹೆಚ್ಚು ನಂಬಿಕೆಗೆ ಅರ್ಹ.

ಎರಡು, ಕೈಯಿಲ್ಲದ, ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿ. ಅದನ್ನು ಗೋಡೆಗೆ ಒತ್ತಿ ಇಟ್ಟು, ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಂಡು, 30 ಸೆಕೆಂಡುಗಳಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ಕೂರಲು ಆಗುತ್ತದೆ ಎಂದು ಎಣಿಸಬೇಕು. 60ರಿಂದ 64 ವರ್ಷದ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಬಾರಿ ಎದ್ದರೆ ಸರಾಸರಿಗಿಂತ ಕೆಳಗಿದ್ದಾರೆ ಎಂದು ಅರ್ಥ. ಈ ಎರಡೂ ಅಂಕಿಗಳನ್ನು ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಗುರುತು ಹಾಕುವ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮೊಬೈಲಿನಲ್ಲಿ ಬರೆದದ್ದನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ.

ಬಸ್ಕಿಯಿಂದ ಶುರು

ಬಸ್ಕಿ ಎಂದೊಡನೆ ಮೇಷ್ಟರ ಬೆತ್ತ, ಹಿಡಿದ ಕಿವಿ ನೆನಪಾಗುವುದು ಸಹಜ. ಒಳ್ಳೆಯ ವ್ಯಾಯಾಮವೊಂದನ್ನು ಶಾಲೆ ಶಿಕ್ಷೆಯಾಗಿಸಿತು, ಅಷ್ಟೆ. ಗರಡಿ ಮನೆಯ ಪೈಲ್ವಾನರಿಗೆ ಬಸ್ಕಿ ಮತ್ತು ದಂಡ (ಕೈಯೂರಿ ಮೈಯನ್ನು ತಳ್ಳಿ ಎತ್ತುವ ವ್ಯಾಯಾಮ) ಇವೇ ಪ್ರತಿದಿನದ ಪಾಠವಾಗಿದ್ದವು.

ಕುರ್ಚಿಯ ಮುಂದೆ ಪಾದಗಳನ್ನು ಭುಜದಷ್ಟು ಅಗಲಿಸಿ, ಬೆರಳುಗಳನ್ನು ತುಸು ಹೊರಮುಖವಾಗಿಸಿ ನಿಲ್ಲಿ. ಮಂಡಿಯನ್ನು ಮಡಿಸುವುದಕ್ಕಿಂತ ಮೊದಲು ಸೊಂಟವನ್ನು ಹಿಂದಕ್ಕೆ ತಳ್ಳಬೇಕು. ಕತ್ತಲಲ್ಲಿ ಮಣೆ ಎಲ್ಲಿದೆ ಎಂದು ಹಿಂದಕ್ಕೆ ತಡವಿ ಕೂರುವ ಹಾಗೆ. ಮೂರು ಎಣಿಸುವಷ್ಟು ಹೊತ್ತು ನಿಧಾನವಾಗಿ ಇಳಿದು, ಕುರ್ಚಿಗೆ ಮೈ ಸೋಕಿದೊಡನೆ, ಭಾರ ಬಿಡದೆ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಉಸಿರು ಬಿಡುತ್ತಾ ಏಳಿ. ಮಂಡಿಗಳು ಒಳಕ್ಕೆ ವಾಲದೆ ಪಾದದ ಬೆರಳುಗಳ ದಿಕ್ಕಿನಲ್ಲೇ ಸಾಗಬೇಕು. ಧೊಪ್ಪೆಂದು ಕುಸಿದು ಕೂರುವುದೇ ಎಲ್ಲರೂ ಮಾಡುವ ತಪ್ಪು. ಇಳಿಯುವಾಗಿನ ಆ ನಿಧಾನದಲ್ಲೇ ಅರ್ಧ ಲಾಭವಿದೆ. ಆರಂಭದಲ್ಲಿ ಕುರ್ಚಿಯ ಮೇಲೆ ಒಂದು ದಿಂಬು ಹಾಕಿಕೊಂಡರೆ ಸುಲಭ. ಬಲ ಬಂದಂತೆ ದಿಂಬನ್ನು ತೆಗೆಯಿರಿ.

ಎರಡನೆಯದು ತಳ್ಳುವ ಕೆಲಸ, ಅಂದರೆ ದಂಡ. ನೆಲದ ಮೇಲೆ ಆರಂಭಿಸುವ ಹಟ ಬೇಡ. ಮೊದಲು ಗೋಡೆ, ಅದು ಸಲೀಸಾದ ಮೇಲೆ ಅಡುಗೆಕಟ್ಟೆ, ಆಮೇಲೆ ಮಂಚದ ಅಂಚು, ಕೊನೆಗೆ ನೆಲ. ಮೂರನೆಯದು ಎಳೆಯುವುದು: ಒಂದು ಕೈಯನ್ನು ಮಂಚಕ್ಕೆ ಊರಿ, ಬೆನ್ನನ್ನು ನೇರವಾಗಿಟ್ಟು ಬಾಗಿ, ಇನ್ನೊಂದು ಕೈಯಲ್ಲಿ ಹಿಡಿಯಿರುವ ನೀರಿನ ಕ್ಯಾನನ್ನು ಪಕ್ಕೆಯವರೆಗೆ ಎಳೆಯುವುದು. ನಾಲ್ಕನೆಯದು ನೆಲದಿಂದ ಎತ್ತುವುದು. ಇಲ್ಲಿ ಬೆನ್ನು ಗೂನಾಗಬಾರದು. ಕ್ಯಾನು ಎರಡು ಪಾದಗಳ ನಡುವೆ ಇರಲಿ, ಸೊಂಟ ಹಿಂದಕ್ಕೆ ಹೋಗಲಿ, ಎತ್ತುವ ಭಾರ ಮೈಗೆ ಹತ್ತಿರವಾಗಿಯೇ ಮೇಲೇರಲಿ. ಬೆನ್ನು ಹಿಡಿದುಕೊಂಡವರಲ್ಲಿ ಎಷ್ಟೋ ಜನ ಗ್ಯಾಸ್ ಸಿಲಿಂಡರನ್ನೋ ಅಕ್ಕಿ ಮೂಟೆಯನ್ನೋ ಮೈಯಿಂದ ದೂರದಲ್ಲಿಟ್ಟು ಎತ್ತಿದವರೇ.

ಎಷ್ಟು, ಹೇಗೆ ಏರಿಸುವುದು

ವಾರದಲ್ಲಿ ಎರಡು ಅಥವಾ ಮೂರು ದಿನ ಸಾಕು. ನಡುವೆ ಒಂದು ದಿನ ಬಿಡುವಿರಲಿ. ಐದು ನಿಮಿಷ ಮನೆಯೊಳಗೇ ನಡೆದು ಮೈ ಬಿಸಿ ಮಾಡಿಕೊಂಡು, ಪ್ರತಿ ವ್ಯಾಯಾಮವನ್ನು 8ರಿಂದ 12 ಬಾರಿ ಮಾಡಿ, ಒಂದೆರಡು ನಿಮಿಷ ಸುಧಾರಿಸಿಕೊಂಡು ಮತ್ತೊಂದು ಸೆಟ್ ಮಾಡಿ. ಇನ್ನೂ ಎರಡು ಬಾರಿ ಮಾಡಬಹುದು ಎನ್ನಿಸುವಾಗ ನಿಲ್ಲಿಸುವುದು ಸರಿಯಾದ ಹದ. ಹತ್ತು ಬಾರಿ ಮಾಡಿದ ಮೇಲೂ ಹರಟೆ ಹೊಡೆಯುವಷ್ಟು ಸುಲಭವಿದ್ದರೆ ಭಾರ ಸಾಲದು ಎಂದರ್ಥ.

ಭಾರ ಏರಿಸಲು ಜಿಮ್‌ನ ತಟ್ಟೆಗಳೇ ಬೇಕೆಂದಿಲ್ಲ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಹಿಡಿಯಿರುವ ಕ್ಯಾನಿಗೆ ಮೂರು ಲೀಟರ್ ಹಾಕಿ ಆರಂಭಿಸಿದವರು, 12 ಬಾರಿ ಸಲೀಸಾದ ದಿನ ಒಂದು ಲೀಟರ್ ಸೇರಿಸಿದರಾಯಿತು. ತಿಂಗಳಾನುಗಟ್ಟಲೆ ಅದೇ ಅರ್ಧ ಕಿಲೋ ಡಂಬೆಲ್ ಬೀಸುವವರಿಗೆ ಬೆವರು ಬಂದೀತು, ಬಲ ಬಾರದು.

ಈ ವಯಸ್ಸಿನಲ್ಲಿ ಇನ್ನೇನು ಎನ್ನುವವರಿಗೆ ಒಂದು ಉದಾಹರಣೆ ಇದೆ. ಅಮೆರಿಕದ ಬಾಸ್ಟನ್‌ನ ಆರೈಕೆ ಕೇಂದ್ರವೊಂದರಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ಬಲದ ವ್ಯಾಯಾಮ ಮಾಡಿಸಿದ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಅದನ್ನು ಪೂರ್ತಿಗೊಳಿಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು.

ತಟ್ಟೆಯ ವಿಚಾರ

ಸ್ನಾಯು ಬೆಳೆದರೆ ಕೂತಲ್ಲೇ ಕೊಬ್ಬು ಕರಗುತ್ತದೆ ಎಂದು ಜಿಮ್‌ಗಳಲ್ಲಿ ಹೇಳುವ ಮಾತನ್ನು ಪೂರ್ತಿ ನಂಬಬೇಡಿ. ವಿಶ್ರಾಂತಿಯಲ್ಲಿರುವ ಒಂದು ಕಿಲೋ ಸ್ನಾಯು ದಿನಕ್ಕೆ ಖರ್ಚು ಮಾಡುವುದು ಸುಮಾರು 13 ಕ್ಯಾಲೊರಿ; ಒಂದು ಟೀ ಚಮಚ ಎಣ್ಣೆಯಲ್ಲಿ 40 ಕ್ಯಾಲೊರಿ ಇದೆ. ಬಲದ ವ್ಯಾಯಾಮ ಸ್ನಾಯುವನ್ನು ಕಾಯುತ್ತದೆ, ಊಟದ ನಂತರದ ಸಕ್ಕರೆಯನ್ನು ರಕ್ತದಿಂದ ಹೀರಿಕೊಳ್ಳುವ ಶಕ್ತಿಯನ್ನು ಅದಕ್ಕೆ ಕೊಡುತ್ತದೆ. ತೂಕ ಇಳಿಯಬೇಕಾದರೆ ತಿನ್ನುವುದು ಕಡಿಮೆಯಾಗಲೇಬೇಕು. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಅದಕ್ಕೂ ವೇಗವಾಗಿ ಇಳಿಸಲು ಹೋದರೆ ಸ್ನಾಯು ಉಳಿಸಿಕೊಳ್ಳುವುದು ಕಷ್ಟವಾಗುತ್ತದೆ.

ಕಡಿಮೆ ಮಾಡಬೇಕಾದದ್ದು ಎಣ್ಣೆ, ಸಕ್ಕರೆ ಮತ್ತು ಎರಡನೆಯ ಬಾರಿ ಬಡಿಸಿಕೊಳ್ಳುವ ಅನ್ನವೇ ಹೊರತು ಬೇಳೆಕಾಳಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಶಿಫಾರಸು ಮಾಡಿದ ಲೆಕ್ಕದಂತೆ ಮೈತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋ ತೂಗುವವರಿಗೆ 50 ಗ್ರಾಂ. ವ್ಯಾಯಾಮ ಮಾಡುವ ಹಿರಿಯರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 200 ಮಿ.ಲೀ. ಹಾಲಿನಲ್ಲಿ 6 ಗ್ರಾಂ, 30 ಗ್ರಾಂ ಒಣ ಬೇಳೆಯಲ್ಲಿ ಸುಮಾರು 7 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ತಿಳಿಸಾರಿನಲ್ಲಿ ಬೇಳೆಯನ್ನು ಹುಡುಕಬೇಕಾಗುತ್ತದೆ. ಬಸ್ಸಾರು ಮಾಡುವ ಮನೆಗಳಲ್ಲಿ ಬಸಿದ ಕಟ್ಟು ಸಾರಿಗೆ ಹೋಗುತ್ತದೆ, ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಆದ್ದರಿಂದ ಮುದ್ದೆಯ ಪಕ್ಕದಲ್ಲಿ ಆ ಕಾಳಿನ ಪಲ್ಯವೇ ಧಾರಾಳವಾಗಿರಲಿ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದರೂ ಪ್ರೋಟೀನ್ 100 ಗ್ರಾಂಗೆ ಏಳರಷ್ಟು ಮಾತ್ರ.

ಎಲ್ಲಿ ನಿಲ್ಲಿಸಬೇಕು

ಎದೆನೋವು, ಹತೋಟಿಗೆ ಬಾರದ ರಕ್ತದೊತ್ತಡ, ಹರ್ನಿಯಾ, ಸಕ್ಕರೆ ಕಾಯಿಲೆಯಿಂದಾದ ಕಣ್ಣಿನ ತೊಂದರೆ ಇರುವವರು ಮತ್ತು ಈಚೆಗೆ ಶಸ್ತ್ರಚಿಕಿತ್ಸೆ ಆಗಿರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಂತರ ಸಕ್ಕರೆ ತೀರಾ ಇಳಿಯಬಹುದಾದ್ದರಿಂದ ಬಳಿಯಲ್ಲಿ ಸಿಹಿ ಇರಬೇಕು. ಭಾರ ಎತ್ತುವಾಗ ಉಸಿರು ಕಟ್ಟಿದರೆ ರಕ್ತದೊತ್ತಡ ಜಿಗಿಯುತ್ತದೆ. ಗಟ್ಟಿಯಾಗಿ ಎಣಿಸುತ್ತಾ ಮಾಡಿದರೆ ಉಸಿರು ತಾನಾಗಿ ಹೊರಬರುತ್ತದೆ. ಮರುದಿನ ತೊಡೆ ಹಿಡಿದಂತಾಗುವುದು ಸಹಜ, ಎರಡು ಮೂರು ದಿನಗಳಲ್ಲಿ ಹೋಗುತ್ತದೆ. ಕೀಲಿನೊಳಗೆ ಚುಚ್ಚುವ ನೋವು ಬಂದರೆ ಮಾತ್ರ ಆ ವ್ಯಾಯಾಮವನ್ನು ಅಲ್ಲಿಗೇ ನಿಲ್ಲಿಸಬೇಕು.

ಜ್ವರವೋ ಊರಿನ ಜಾತ್ರೆಯೋ ಬಂದು ಎರಡು ಮೂರು ವಾರ ತಪ್ಪಿದರೆ, ಬಿಟ್ಟ ಭಾರದಿಂದಲೇ ಮತ್ತೆ ಹಿಡಿಯಲು ಹೋಗದೆ, ಕ್ಯಾನಿನಿಂದ ಎರಡು ಲೀಟರ್ ನೀರನ್ನು ತುಳಸಿ ಗಿಡಕ್ಕೆ ಸುರಿದು ಉಳಿದದ್ದರಿಂದ ಆರಂಭಿಸಿ.