ಲಾಗಿನ್ ಆದರೂ ಸರ್ವರ್‌ನ ಫೋಲ್ಡರ್ ಬಾರದಿದ್ದರೆ

ಲಿನಕ್ಸ್‌ನಲ್ಲಿ ಲಾಗಿನ್ ಆದೊಡನೆ ಬರಬೇಕಾದ ಸರ್ವರ್‌ನ ಫೋಲ್ಡರ್ ಬಾರದಿದ್ದರೆ, ಯಾವ ಕಡತವನ್ನೂ ತಿದ್ದುವ ಮುನ್ನ ಮೌಂಟ್ ಆದೇಶ ಕೊಟ್ಟು ಅದನ್ನು ಕೈಯಾರೆ ಜೋಡಿಸಿ ನೋಡಿ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಕೈಯಾರೆಯೂ ಆಗದಿದ್ದರೆ ತೊಂದರೆ ಲಾಗಿನ್‌ನದ್ದಲ್ಲ. ದೋಷಸಂಖ್ಯೆ 13 ಬಂದರೆ ಹೆಸರು, ಪಾಸ್‌ವರ್ಡ್ ಅಥವಾ ಅನುಮತಿಯನ್ನು ಪರೀಕ್ಷಿಸಿ. 112 ಬಂದರೆ ಸರ್ವರ್ ಉತ್ತರಿಸುತ್ತಿಲ್ಲ, ಇಲ್ಲವೇ ಎರಡೂ ಕಡೆಯ ಎಸ್‌ಎಂಬಿ (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚುವ ವಿಧಾನ) ಆವೃತ್ತಿಗಳು ಹೊಂದುತ್ತಿಲ್ಲ. ಇಂಥ ಫೋಲ್ಡರ್ ಜೋಡಿಸಲು ಬೇಕಾದ ಸಿಫ್ಸ್-ಯುಟಿಲ್ಸ್ ಪ್ಯಾಕೇಜ್ ಇದೆಯೇ ಎಂದೂ ನೋಡಿ.

ಕೈಯಾರೆ ಸರಿಹೋದರೆ ಲಾಗಿನ್ ಆದಾಗ ಫೋಲ್ಡರ್ ಜೋಡಿಸುವ ಪ್ಯಾಮ್-ಮೌಂಟ್ ಕಡೆಗೆ ಬನ್ನಿ. ಲಾಗಿನ್‌ನಲ್ಲಿ ನೀವು ಟೈಪ್ ಮಾಡಿದ ಪಾಸ್‌ವರ್ಡನ್ನೇ ಅದು ಸರ್ವರ್‌ಗೆ ದಾಟಿಸುತ್ತದೆ. ಹಾಗಾಗಿ ಲಾಗಿನ್‌ನ ಮತ್ತು ಸರ್ವರ್‌ನ ಪಾಸ್‌ವರ್ಡ್ ಎರಡೂ ಒಂದೇ ಆಗಿರಬೇಕು. ಬೆರಳಗುರುತು, ಸ್ವಯಂ ಲಾಗಿನ್ ಅಥವಾ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಕೀಲಿಯಿಂದ ಒಳಬಂದರೆ ದಾಟಿಸಲು ಪಾಸ್‌ವರ್ಡೇ ಇರುವುದಿಲ್ಲ. ಜನ ಗಂಟೆಗಟ್ಟಲೆ ಹುಡುಕಿ ದಣಿಯುವುದು ಇಲ್ಲಿಯೇ, ಆದ್ದರಿಂದ ಒಮ್ಮೆ ಪಾಸ್‌ವರ್ಡ್ ಟೈಪ್ ಮಾಡಿಯೇ ಲಾಗಿನ್ ಆಗಿ. ಆಗಲೂ ಬಾರದಿದ್ದರೆ ಪ್ಯಾಮ್-ಮೌಂಟ್‌ನ ಎಕ್ಸ್‌ಎಂಎಲ್ ಕಡತದಲ್ಲಿ ಡೀಬಗ್ (ದೋಷದ ವಿವರ ಬರೆಸುವ) ಮೌಲ್ಯವನ್ನು 1 ಮಾಡಿ, ಮತ್ತೆ ಲಾಗಿನ್ ಆಗಿ, ಜರ್ನಲ್‌ಸಿಟಿಎಲ್ ಆದೇಶ ತೋರಿಸುವ ದಾಖಲೆಯ ಸಾಲುಗಳನ್ನು ನಿಧಾನವಾಗಿ ಓದಿ.

ಎಫ್‌ಎಸ್‌ಟ್ಯಾಬ್ (ಜೋಡಣೆಗಳ ಪಟ್ಟಿಯ ಕಡತ) ಬಳಸುವವರ ಕಥೆ ಬೇರೆ. ಅಲ್ಲಿ ಜೋಡಣೆ ಬೂಟ್ ಹೊತ್ತಿನಲ್ಲೇ ನಡೆಯುತ್ತದೆ. ವೈಫೈ ಹಲವು ಸಲ ಅಷ್ಟರಲ್ಲಿ ಎದ್ದಿರುವುದಿಲ್ಲ. ಲ್ಯಾಪ್‌ಟಾಪ್‌ಗೆ ನನ್ನ ಆಯ್ಕೆ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಆಟೋಮೌಂಟ್: ಫೋಲ್ಡರನ್ನು ಮೊದಲ ಸಲ ತೆರೆದಾಗಷ್ಟೇ ಅದು ಜೋಡಿಸುತ್ತದೆ. ಪಾಸ್‌ವರ್ಡನ್ನು ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆಯಲೇಬೇಡಿ, ಅದನ್ನು ಎಲ್ಲ ಬಳಕೆದಾರರೂ ಓದಬಲ್ಲರು. ರೂಟ್ (ನಿರ್ವಾಹಕ) ಒಡೆತನದ, 600 ಅನುಮತಿಯ (ಒಡೆಯ ಮಾತ್ರ ಓದಿ ಬರೆಯಬಲ್ಲ) ಪ್ರತ್ಯೇಕ ಕಡತದಲ್ಲಿಡಿ. ಎಸ್‌ಎಂಬಿ ಫೋಲ್ಡರ್ ಕಂಡರೂ ಬರೆಯಲು ಆಗದಿದ್ದರೆ, ಮೌಂಟ್‌ನ ಯುಐಡಿ ಆಯ್ಕೆಯಲ್ಲಿ ನಿಮ್ಮ ಬಳಕೆದಾರ ಸಂಖ್ಯೆಯನ್ನು ಕೊಡಿ.